ದೊಡ್ಡ ನದಿಗೆ ಡ್ರೈ ಫ್ಲೈ ಕಟ್ಟುವುದು: ಓದುಗರ ಪ್ರಶ್ನೆಗಳಿಗೆ ಉತ್ತರ

ಟ್ರೌಟ್ ಮೀನಿನ ಆಹಾರದಲ್ಲಿ ಹೆಚ್ಚಿನ ಪಾಲು ನೀರಿನೊಳಗೇ ಬೆಳೆಯುವ ಕೀಟಗಳ ಮರಿಗಳದ್ದು. ಆದರೂ ಆ ಮರಿಗಳು ಬಲಿತು, ರೆಕ್ಕೆ ಬಿಚ್ಚಿ ನೀರಿನ ಮೇಲೆ ಬರುವ ಹೊತ್ತಿನಲ್ಲಿ ಮೀನು ತಲೆಯೆತ್ತಿ ಅವನ್ನು ಮೇಲ್ಮೈಯಿಂದಲೇ ಹೆಕ್ಕುತ್ತದೆ. ಹೀಗೆ ತೇಲಿಬರುವ ಕೀಟವನ್ನು ಗಾಳದ ಮೇಲೆ ಗರಿ, ಕೂದಲು, ತುಪ್ಪಳು, ನೂಲುಗಳಿಂದ ಕಟ್ಟಿದರೆ ಅದು ಡ್ರೈ ಫ್ಲೈ. ಈ ವಿಷಯವಾಗಿ ಬಂದಿರುವ ಪತ್ರಗಳಲ್ಲಿ ಹೆಚ್ಚಿನವು ಅಮೆರಿಕದ ಮೊಂಟಾನಾ ರಾಜ್ಯದ ದೊಡ್ಡ ನದಿಗಳನ್ನು ಕುರಿತವಾದ್ದರಿಂದ ಅವನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಗಾಳದ ಸಂಖ್ಯೆ ಹೆಚ್ಚಿದಷ್ಟೂ ಗಾಳ ಚಿಕ್ಕದಾಗುತ್ತದೆ ಎಂಬುದನ್ನು ಹೊಸ ಓದುಗರು ನೆನಪಿನಲ್ಲಿಟ್ಟುಕೊಂಡು ಓದಬೇಕು.

ಪ್ರಶ್ನೆ: ಕೊಲರಾಡೊದ ಬೆಟ್ಟದ ಹಳ್ಳಗಳಲ್ಲಿ ನಾನೇ ಕಟ್ಟಿದ ಆ್ಯಡಮ್ಸ್ ಎಂಬ ಡ್ರೈ ಫ್ಲೈ ಚೆನ್ನಾಗಿ ತೇಲುತ್ತಿತ್ತು. ಕಳೆದ ಬೇಸಿಗೆಯಲ್ಲಿ ಮೊಂಟಾನಾದ ಮ್ಯಾಡಿಸನ್ ನದಿಗೆ ಹೋದಾಗ ಅದೇ ಫ್ಲೈ ಎರಡು ಮೂರು ಸಲ ಎಸೆಯುವಷ್ಟರಲ್ಲಿ ಮುಳುಗಿತು. ದೋಷ ನನ್ನ ಕಟ್ಟುವಿಕೆಯಲ್ಲಿದೆಯೇ, ಗರಿಯಲ್ಲಿದೆಯೇ? (ಡೆನ್ವರ್‌ನ ಓದುಗರು)

ಉತ್ತರ: ಎರಡನ್ನೂ ಪರೀಕ್ಷಿಸೋಣ. ಆದರೆ ಅದಕ್ಕೆ ಮೊದಲು ನೀರು ಬದಲಾಗಿದೆ ಎಂಬುದನ್ನು ಗಮನಿಸಿ. ಹಳ್ಳದಲ್ಲಿ ಫ್ಲೈ ನೀರಿನ ಮೇಲೆ ಸಾಗುವುದು ನಾಲ್ಕಾರು ಅಡಿ ಮಾತ್ರ. ಬಳಿಕ ನೀವು ಅದನ್ನು ಎತ್ತಿ ಗಾಳಿಯಲ್ಲಿ ಹಿಂದೆ ಮುಂದೆ ಬೀಸುವಾಗ ಅದರ ತೇವ ಹಾರಿಹೋಗುತ್ತದೆ. ಮ್ಯಾಡಿಸನ್ ನದಿಯಾದರೋ, 1959ರ ಆಗಸ್ಟ್ 17ರ ಭೂಕಂಪದಲ್ಲಿ ಬೆಟ್ಟ ಕುಸಿದು ನದಿಗೆ ಅಡ್ಡಬಿದ್ದಾಗ ಹುಟ್ಟಿದ ಕ್ವೇಕ್ ಸರೋವರದಿಂದ ಕೆಳಗೆ ಎನಿಸ್ ಊರಿನ ಕಡೆಗೆ ಸುಮಾರು ಐವತ್ತು ಮೈಲಿಯುದ್ದಕ್ಕೂ ಬಂಡೆಗಳ ಮೇಲೆ ಒಡೆದು ಹರಿಯುತ್ತದೆ. ಆಳವಾದ ನಿಂತ ಮಡುಗಳು ಅಲ್ಲಿ ಅಪರೂಪ. ಅಂಥ ನೀರಿನಲ್ಲಿ ಫ್ಲೈ ಮೂವತ್ತು ನಲವತ್ತು ಅಡಿ ದೂರ ಅಲೆಗಳ ಮೇಲೆ ಏರಿಳಿಯುತ್ತ ಸಾಗಬೇಕಾಗುತ್ತದೆ, ಮತ್ತು ದಾರಿಯುದ್ದಕ್ಕೂ ಅದರ ಮೇಲೆ ನೀರು ಸಿಡಿಯುತ್ತಲೇ ಇರುತ್ತದೆ.

ಗಾಳದ ಉಕ್ಕು ನೀರಿಗಿಂತ ಬಹಳ ಭಾರವಾದದ್ದು. ಅದನ್ನು ಮೇಲೆ ಹಿಡಿದಿಡುವುದು ನೀರಿನ ಮೇಲ್ಮೈ ಎಳೆತ. ಹ್ಯಾಕಲ್ ಎಂದು ಕರೆಯುವ ಹುಂಜದ ಗರಿಯನ್ನು ಗಾಳದ ದಂಡಕ್ಕೆ ಸುತ್ತಿದಾಗ ಅದರ ನೂರಾರು ಎಳೆಗಳು ಸುತ್ತಲೂ ಚಾಚಿಕೊಂಡು ನೀರಿನ ಮೇಲ್ಮೈಯನ್ನು ಚುಚ್ಚದೆ ಒತ್ತಿ ನಿಲ್ಲುತ್ತವೆ, ಮತ್ತು ಗಾಳದ ಭಾರ ಅಷ್ಟೂ ಎಳೆಗಳಿಗೆ ಹಂಚಿಹೋಗುತ್ತದೆ. ಎಳೆಗಳು ಗಡುಸಾಗಿರಬೇಕು, ನೀರು ಹೀರದಂತಿರಬೇಕು. ಗರಿಯನ್ನು ಬಾಗಿಸಿ ನೋಡಿ: ಎಳೆಗಳು ಒಂದಕ್ಕೊಂದು ಅಂಟದೆ ಬಿಡಿಬಿಡಿಯಾಗಿ ನೆಟ್ಟಗೆ ನಿಂತರೆ ಅದು ಡ್ರೈ ಫ್ಲೈಗೆ ಯೋಗ್ಯ. ಬೆಳಕಿಗೆ ಹಿಡಿದಾಗ ನಡುದಂಟಿನ ಎರಡೂ ಬದಿಗೆ ಮಬ್ಬಾದ, ಮೆತ್ತನೆಯ ಪಟ್ಟಿ ಅಗಲವಾಗಿ ಕಂಡರೆ ಆ ಭಾಗ ನೀರು ಕುಡಿಯುತ್ತದೆ. ಹೇಂಟೆಯ ಗರಿಯಲ್ಲಿ ಈ ಪಟ್ಟಿ ಗರಿಯ ಬಹುಭಾಗವನ್ನು ಆವರಿಸಿರುತ್ತದೆ. ಅದಕ್ಕಾಗಿಯೇ ಅದನ್ನು ಮುಳುಗುವ ಫ್ಲೈಗಳಿಗೆ ಬಳಸುತ್ತಾರೆ.

ಕಟ್ಟುವವರಲ್ಲಿ ಹೆಚ್ಚಿನವರು ಮುಂದಿನ ಹ್ಯಾಕಲ್‌ಗೆ ಕೊಡುವ ಗಮನವನ್ನು ಬಾಲಕ್ಕೆ ಕೊಡುವುದಿಲ್ಲ. ಗಾಳದ ಬಾಗು ಮತ್ತು ಮೊನೆಯ ಭಾರವೆಲ್ಲ ಹಿಂಭಾಗದಲ್ಲಿದೆ. ಅದನ್ನು ಹೊರುವುದು ಬಾಲ ಒಂದೇ. ನಾಲ್ಕೈದು ಮೆತ್ತನೆಯ ಎಳೆಗಳನ್ನು ಬಾಲವೆಂದು ಕಟ್ಟಿದರೆ ಮೊದಲ ಅಲೆಯಲ್ಲೇ ಫ್ಲೈಯ ಹಿಂಬದಿ ಕುಸಿಯುತ್ತದೆ, ಅದರ ಹಿಂದೆಯೇ ಉಳಿದದ್ದೂ ಹೋಗುತ್ತದೆ. ನಿಮ್ಮ ಆ್ಯಡಮ್ಸ್‌ನ ಬಾಲವನ್ನು ಗಾಳದ ದಂಡದಷ್ಟು ಉದ್ದವಾಗಿ, ಹುಂಜದ ಅತ್ಯಂತ ಗಡುಸಾದ ಎಳೆಗಳಿಂದ ಅಥವಾ ಮೂಸ್ ಎಂಬ ದೊಡ್ಡ ಕಡವೆಯ ಮೈಗೂದಲಿನಿಂದ ಕಟ್ಟಿ, ಬುಡದಲ್ಲಿ ಒಂದು ಸುತ್ತು ನೂಲನ್ನು ಬಾಲದ ಕೆಳಗಿನಿಂದ ಹಾಯಿಸಿ ಎಳೆಗಳು ಬೀಸಣಿಗೆಯಾಗಿ ಅಗಲಿಸುವಂತೆ ಮಾಡಿ. ಹ್ಯಾಕಲ್‌ನ ಎಳೆಯ ಉದ್ದ ಗಾಳದ ಬಾಯಿಯ (ದಂಡಕ್ಕೂ ಮೊನೆಗೂ ನಡುವಿನ ಅಂತರ) ಅಗಲದ ಒಂದೂವರೆಯಿಂದ ಎರಡರಷ್ಟಿರಲಿ.

ಇನ್ನು ಮೈ. ಬೀವರ್, ಮಸ್ಕ್‌ರ್‍ಯಾಟ್‌ಗಳಂಥ ನೀರಿನಲ್ಲೇ ಬಾಳುವ ಪ್ರಾಣಿಗಳ ಒಳತುಪ್ಪಳು ಬೇಗ ನೆನೆಯುವುದಿಲ್ಲ. ಪಾಲಿಪ್ರೊಪಿಲೀನ್ ಎಳೆಯಂತೂ ನೀರಿಗಿಂತ ಹಗುರ. ಯಾವುದನ್ನೇ ಬಳಸಿದರೂ ಮೇಣ ಸವರಿದ ನೂಲಿನ ಮೇಲೆ ಒಂದು ಚಿಟಿಕೆಯಷ್ಟನ್ನು ಮಾತ್ರ ಹರಡಿ, ಹತ್ತಿಯಿಂದ ದೀಪದ ಬತ್ತಿ ಹೊಸೆಯುವಂತೆ ಬೆರಳುಗಳ ನಡುವೆ ಒಂದೇ ದಿಕ್ಕಿಗೆ ಹೊಸೆಯಬೇಕು. ಹಿಂದೆ ಮುಂದೆ ಉಜ್ಜಿದರೆ ಹೊಸೆದದ್ದು ಬಿಚ್ಚಿಕೊಳ್ಳುತ್ತದೆ, ಅಂಥ ಸಡಿಲ ಮೈ ನೀರನ್ನು ತುಂಬಿಕೊಳ್ಳುತ್ತದೆ. ಗಾಳವೂ ಡ್ರೈ ಫ್ಲೈಗೆಂದೇ ಮಾಡಿದ ತೆಳುತಂತಿಯದಾಗಿರಬೇಕು.

ಇಷ್ಟೆಲ್ಲ ಸರಿಯಾಗಿದ್ದರೂ ಒಡೆದ ನೀರಿನಲ್ಲಿ ಆ್ಯಡಮ್ಸ್‌ಗೆ ಒಂದು ಮಿತಿಯಿದೆ. ಅದು 1922ರಲ್ಲಿ ಮಿಶಿಗನ್‌ನ ಲೆನರ್ಡ್ ಹ್ಯಾಲಡೇ ಬೋರ್ಡ್‌ಮನ್ ನದಿಗೆ ಕಟ್ಟಿದ ಫ್ಲೈ; ಆ ನದಿ ಮ್ಯಾಡಿಸನ್‌ನಷ್ಟು ದೊಡ್ಡದೂ ಅಲ್ಲ, ರಭಸದ್ದೂ ಅಲ್ಲ. ನಿಮ್ಮ ತೊಂದರೆಯನ್ನೇ ನ್ಯೂಯಾರ್ಕ್ ರಾಜ್ಯದ ಆಸೇಬಲ್ ನದಿಯ ಬಿರುಸು ನೀರಿನಲ್ಲಿ ಕಂಡ ಲೀ ವುಲ್ಫ್ 1930ರ ಸುಮಾರಿಗೆ ರೆಕ್ಕೆಗೂ ಬಾಲಕ್ಕೂ ಗರಿಯ ಬದಲು ಜಿಂಕೆಯ ಬಾಲದ ಕೂದಲನ್ನು ಬಳಸಿ, ಹ್ಯಾಕಲನ್ನು ದಟ್ಟವಾಗಿ ಸುತ್ತಿ, ಇಂದು ವುಲ್ಫ್ ಎಂಬ ಹೆಸರಿನಿಂದಲೇ ಗುರುತಿಸುವ ಸರಣಿಯನ್ನು ರೂಪಿಸಿದರು. ಅವರಿಗಿಂತ ಮೊದಲಿನ ಫ್ಲೈಗಳ ತೆಳುದೇಹ ಇಂಗ್ಲೆಂಡಿನ ಟೆಸ್ಟ್, ಇಚೆನ್ ನದಿಗಳ ಶಾಂತ ನೀರಿನಿಂದ ಬಂದ ಪರಂಪರೆ. 12 ಅಥವಾ 14ನೇ ಗಾಳದ ಮೇಲೆ ರಾಯಲ್ ವುಲ್ಫ್ ಒಂದನ್ನು ಕಟ್ಟಿಕೊಂಡು ಹೋಗಿ. ಈಗ ರೆಕ್ಕೆಗೆ ಸಾಮಾನ್ಯವಾಗಿ ಕರುವಿನ ಬಿಳಿ ಬಾಲಗೂದಲನ್ನು ಬಳಸುತ್ತಾರೆ, ಅದು ದೂರದಿಂದ ಕಣ್ಣಿಗೂ ಕಾಣುತ್ತದೆ. ಆದರೆ ತೇಲಬೇಕೆಂಬ ಆಸೆಯಿಂದ ನಾಲ್ಕು ಗರಿಗಳನ್ನು ಒಟ್ಟಿಗೆ ತುರುಕಬೇಡಿ. ಹಾಗೆ ಮಾಡಿದರೆ ಫ್ಲೈ ನೆಟ್ಟಗೆ ಕೂರದೆ ಮಗುಚುತ್ತದೆ.

ಪ್ರಶ್ನೆ: ನಾನು ಮೀನು ಹಿಡಿಯುವವನಲ್ಲ, ಕೀಟಗಳ ಬಗ್ಗೆ ಆಸಕ್ತಿಯುಳ್ಳವನು. ಇಷ್ಟು ಒರಟಾದ ಕೂದಲಿನ ಉಂಡೆಯನ್ನು ಮೀನು ಕೀಟವೆಂದು ಹೇಗೆ ನಂಬುತ್ತದೆ? (ಮೈಸೂರಿನ ಓದುಗರು)

ಉತ್ತರ: ಮೀನು ಇರುವ ಜಾಗದಿಂದ ನೋಡಿದರೆ ಅದು ಉಂಡೆಯಾಗಿ ಕಾಣುವುದಿಲ್ಲ. ನೀರಿನೊಳಗಿಂದ ಮೇಲೆ ನೋಡುವ ಕಣ್ಣಿಗೆ ಹೊರಜಗತ್ತು ಒಂದು ದುಂಡನೆಯ ಕಿಂಡಿಯಲ್ಲಿ ಮಾತ್ರ ಕಾಣುತ್ತದೆ. ಬೆಳಕು ನೀರನ್ನು ಹೊಕ್ಕಾಗ ಬಾಗುವುದರಿಂದ ಆ ಕಿಂಡಿಯ ಕೋನ ಸುಮಾರು 97 ಡಿಗ್ರಿಯಷ್ಟಿರುತ್ತದೆ. ಮೀನು ಒಂದು ಅಡಿ ಆಳದಲ್ಲಿದ್ದರೆ ಕಿಂಡಿಯ ಅಗಲ ಸುಮಾರು ಎರಡೂಕಾಲು ಅಡಿ. ಅದರ ಆಚೆಯ ಮೇಲ್ಮೈಯೆಲ್ಲ ನದಿಯ ತಳವನ್ನೇ ಪ್ರತಿಫಲಿಸುವ ಕನ್ನಡಿ. ಕೀಟ ಇನ್ನೂ ದೂರದಲ್ಲಿರುವಾಗ ಅದರ ಕಾಲುಗಳು ಆ ಕನ್ನಡಿಯನ್ನು ಒತ್ತಿದ ಗುರುತುಗಳು, ಹೊಳೆಯುವ ಚುಕ್ಕಿಗಳಾಗಿ, ಮೊದಲು ಕಾಣುತ್ತವೆ. ಕಿಂಡಿಯ ಅಂಚಿಗೆ ಬರುತ್ತಿದ್ದಂತೆ ರೆಕ್ಕೆಯ ತುದಿ ಕಾಣಿಸಿಕೊಳ್ಳುತ್ತದೆ, ಕೊನೆಗೆ ಮೈ. ಹ್ಯಾಕಲ್‌ನ ಎಳೆಗಳು ಮೂಡಿಸುವ ಗುರುತುಗಳು ಕೀಟದ ಕಾಲಿನ ಗುರುತುಗಳಿಗೆ ಸಾಕಷ್ಟು ಹತ್ತಿರವಾಗಿರುತ್ತವೆ.

ಒಡೆದ ನೀರಿನಲ್ಲಿ ಆ ಕಿಂಡಿಯೂ ಚೂರುಚೂರಾಗಿರುತ್ತದೆ, ನೋಡಲು ಸಿಗುವ ಸಮಯವೂ ಕ್ಷಣಮಾತ್ರ. ಆದ್ದರಿಂದ ಅಲ್ಲಿನ ಮೀನು ಗಾತ್ರ ಮತ್ತು ಸ್ಥೂಲ ಆಕಾರವನ್ನು ನೋಡಿ ನಿರ್ಧರಿಸುತ್ತದೆ. ಸಮತಟ್ಟಾದ ನೀರಿನಲ್ಲಿ ಮಾತ್ರ ಅದಕ್ಕೆ ಪುರುಸೊತ್ತಿದೆ. ದೊಡ್ಡ ನದಿಯೊಂದರಲ್ಲಿ ಈ ಎರಡು ಬಗೆಯ ನೀರೂ ನೂರು ಗಜಗಳ ಅಂತರದಲ್ಲಿ ಸಿಗುತ್ತವೆ. ಕಟ್ಟುವ ಮೇಜಿನ ಮೇಲೆ ಕುಳಿತಾಗ ಯಾವ ಕೀಟಕ್ಕೆ ಕಟ್ಟುತ್ತಿದ್ದೇನೆ ಎಂಬುದಕ್ಕಿಂತ ಯಾವ ನೀರಿಗೆ ಕಟ್ಟುತ್ತಿದ್ದೇನೆ ಎಂದು ಮೊದಲು ಕೇಳಿಕೊಳ್ಳಬೇಕೆಂಬುದು ನನ್ನ ಖಚಿತವಾದ ಅಭಿಪ್ರಾಯ.

ಪ್ರಶ್ನೆ: ಎಲ್ಕ್ ಹೇರ್ ಕ್ಯಾಡಿಸ್ ಎಂಬ ಫ್ಲೈ ಕಟ್ಟುವಾಗ ರೆಕ್ಕೆಯ ಕೂದಲು ಗಾಳದ ಸುತ್ತ ತಿರುಗಿ ಕೆಳಕ್ಕೆ ಜಾರುತ್ತದೆ. ಹಾಗೂ ಹೀಗೂ ನಿಲ್ಲಿಸಿದರೂ ಎರಡು ಮೀನು ಕಚ್ಚುವಷ್ಟರಲ್ಲಿ ಕೂದಲು ಉದುರಿಹೋಗುತ್ತದೆ. ಸರಿಯಾದ ಕ್ರಮವನ್ನು ವಿವರವಾಗಿ ತಿಳಿಸುವಿರಾ? (ಬೋಯ್ಸಿಯ ಓದುಗರು)

ಉತ್ತರ: ದೊಡ್ಡ ನದಿಗೆ ಒಂದೇ ಒಂದು ಫ್ಲೈ ಕಟ್ಟಲು ಕಲಿಯುವುದಾದರೆ ಯಾವುದು ಎಂದು ಯಾರಾದರೂ ಕೇಳಿದರೆ ನಾನು ಹೇಳುವುದು ಇದನ್ನೇ. ಆದ್ದರಿಂದ ಉತ್ತರ ಸ್ವಲ್ಪ ದೀರ್ಘವಾದರೆ ಇತರರು ಸಹಿಸಿಕೊಳ್ಳಬೇಕು.

ಅಲ್ ಟ್ರೋತ್ 1957ರಲ್ಲಿ ಪೆನ್ಸಿಲ್ವೇನಿಯದಲ್ಲಿ ಇದನ್ನು ರೂಪಿಸಿದರು; ಮುಂದೆ ಅವರು ಮೊಂಟಾನಾದ ಡಿಲನ್ ಊರಿನಲ್ಲಿ ನೆಲೆಸಿದರು, ಫ್ಲೈ ಪಶ್ಚಿಮದ ನದಿಗಳಲ್ಲೆಲ್ಲ ಹರಡಿತು. ಕ್ಯಾಡಿಸ್ ಕೀಟ ಕುಳಿತಾಗ ಅದರ ರೆಕ್ಕೆಗಳು ಮೈಯ ಮೇಲೆ ಹಂಚಿನ ಮಾಡಿನ ಆಕಾರದಲ್ಲಿ ಇಳಿಜಾರಾಗಿ ಮುಚ್ಚಿಕೊಂಡಿರುತ್ತವೆ. ಎಲ್ಕ್ ಎಂಬ ದೊಡ್ಡ ಜಿಂಕೆಯ ಕೂದಲಿನ ರೆಕ್ಕೆ ಆ ಆಕಾರವನ್ನು ತೋರಿಸುವುದಲ್ಲದೆ, ಕೂದಲಿನೊಳಗೆ ಗಾಳಿಯ ಸಣ್ಣ ಗೂಡುಗಳಿರುವುದರಿಂದ ಫ್ಲೈಯನ್ನು ತೇಲಿಸುವ ಕೆಲಸವನ್ನೂ ಮಾಡುತ್ತದೆ. ಬಾಲವಿಲ್ಲ. ಮೈಯುದ್ದಕ್ಕೂ ಸುತ್ತಿದ ಹ್ಯಾಕಲ್ ಹಿಂಬದಿಯನ್ನು ಎತ್ತಿಹಿಡಿಯುತ್ತದೆ.

14ನೇ ಗಾಳವನ್ನು ವೈಸ್‌ನಲ್ಲಿ (ಗಾಳವನ್ನು ಹಿಡಿದಿಡುವ ಇಕ್ಕಳದಲ್ಲಿ) ಸಿಕ್ಕಿಸಿ, ಗಾಳದ ಕಣ್ಣಿನ (ದಾರ ಪೋಣಿಸುವ ತೂತಿನ) ಹಿಂದೆ ದಂಡದ ಕಾಲುಭಾಗವನ್ನು ರೆಕ್ಕೆಗೂ ತಲೆಗೂ ಬಿಟ್ಟು, ಉಳಿದ ಮುಕ್ಕಾಲು ಭಾಗದ ಮೇಲೆ ಹಿಂದಕ್ಕೆ ನೂಲು ಸುತ್ತಿ, ಬಾಗಿನ ಬಳಿ ತೆಳುವಾದ ಚಿನ್ನದ ಬಣ್ಣದ ತಂತಿಯ ತುದಿಯನ್ನು ಕಟ್ಟಿ. ಮೊಲದ ತುಪ್ಪಳನ್ನು ಹೊಸೆದು ಮೈ ಕಟ್ಟುತ್ತ ಮುಂದಕ್ಕೆ ಬನ್ನಿ. ಈಗ ಕಂದು ಹ್ಯಾಕಲ್‌ನ ಬುಡವನ್ನು ಮೈಯ ಮುಂಭಾಗದಲ್ಲಿ ಕಟ್ಟಿ, ಗರಿಯನ್ನು ಹಿಂದಕ್ಕೆ ಐದಾರು ಸುತ್ತು ಸುತ್ತಿ, ಅದರ ತುದಿಯನ್ನು ತಂತಿಯಿಂದ ಹಿಡಿದು, ತಂತಿಯನ್ನು ಗರಿಗೆ ಎದುರು ದಿಕ್ಕಿನಲ್ಲಿ ಸುತ್ತುತ್ತ ಮುಂದಕ್ಕೆ ತನ್ನಿ. ಹೀಗೆ ಗರಿಯ ದಂಟನ್ನು ತಂತಿ ಅಡ್ಡ ಹಾಯ್ದು ಬಿಗಿಯುವುದರಿಂದ ಟ್ರೌಟ್‌ನ ಹಲ್ಲಿಗೆ ಒಂದು ಕಡೆ ದಂಟು ತುಂಡಾದರೂ ಗರಿ ಪೂರ್ತಿ ಬಿಚ್ಚಿಕೊಳ್ಳುವುದಿಲ್ಲ. ತಂತಿಯನ್ನು ಬಿಟ್ಟು ಕಟ್ಟುವವರಿದ್ದಾರೆ. ದೊಡ್ಡ ಮೀನಿರುವ ನದಿಗೆ ಅದನ್ನು ಬಿಡುವುದು ತರವಲ್ಲ.

ರೆಕ್ಕೆಯ ತೊಂದರೆ ಶುರುವಾಗುವುದು ಕೂದಲನ್ನು ಸಿದ್ಧಪಡಿಸುವಲ್ಲಿ. ಹಿಸುಕಿ ಹಿಡಿದಾಗ ಬೆಂಕಿಕಡ್ಡಿಯಷ್ಟು ದಪ್ಪವಾಗುವ ಕಂತೆಯನ್ನು ಚರ್ಮಕ್ಕೆ ತಾಗಿದಂತೆ ಕತ್ತರಿಸಿ, ತುದಿಗಳನ್ನು ಹಿಡಿದು ಬುಡದ ಕಡೆಯಿಂದ ಸಣ್ಣ ಬಾಚಣಿಗೆಯಲ್ಲಿ ಒಳತುಪ್ಪಳನ್ನು ಪೂರ್ತಿ ತೆಗೆಯಬೇಕು. ತುಪ್ಪಳು ಒಂದಿಷ್ಟು ಉಳಿದರೂ ನೂಲು ಕೂದಲನ್ನು ಕಚ್ಚುವುದಿಲ್ಲ; ಉದುರುವಿಕೆಗೆ ಮುಖ್ಯ ಕಾರಣ ಇದೇ ಎಂದು ನನಗನ್ನಿಸುತ್ತದೆ. ಆಮೇಲೆ ಕಂತೆಯನ್ನು ಸ್ಟ್ಯಾಕರ್‌ನೊಳಗೆ (ಕೂದಲನ್ನು ಸಮಮಾಡುವ ಸಣ್ಣ ಕೊಳವೆ) ತುದಿ ಕೆಳಗಾಗಿ ಹಾಕಿ ಮೇಜಿನ ಮೇಲೆ ಕುಟ್ಟಿ ತುದಿಗಳನ್ನು ಸಮಮಾಡಿ.

ರೆಕ್ಕೆ ಕೂರುವ ಜಾಗದಲ್ಲಿ ಬರಿಯ ಲೋಹವಿರಬಾರದು. ಅಲ್ಲಿ ಎರಡು ಪದರ ನೂಲು ಸುತ್ತಿ, ಫ್ಲೈಯ ತಲೆಯ ಗಂಟಿಗೆ ಹಚ್ಚುವ ಅಂಟನ್ನು ಒಂದು ಸಣ್ಣ ಹನಿ ಹಚ್ಚಿ. ಕಂತೆಯನ್ನು ಗಾಳದ ಮೇಲೆ ಇಟ್ಟು, ತುದಿಗಳು ಬಾಗಿನ ಹೊರಅಂಚಿಗೆ ಬರುವಂತೆ ಅಳೆದು, ಎಡಗೈಯ ಹೆಬ್ಬೆರಳು ಮತ್ತು ತೋರುಬೆರಳಿನಿಂದ ಕೂದಲನ್ನೂ ದಂಡವನ್ನೂ ಸೇರಿಸಿ ಗಟ್ಟಿಯಾಗಿ ಹಿಡಿಯಿರಿ. ಬೆರಳುಗಳ ನಡುವೆಯೇ ಎರಡು ಸಡಿಲ ಸುತ್ತುಗಳನ್ನು ಹಾಕಿ, ಮೂರನೆಯ ಸುತ್ತಿನಲ್ಲಿ ನಿಧಾನವಾಗಿ ಬಿಗಿಯಿರಿ. ಬಿಗಿಯುವಾಗ ಕೂದಲು ಅರಳುತ್ತದೆ, ಅರಳುತ್ತಲೇ ಸುತ್ತ ತಿರುಗಲು ಯತ್ನಿಸುತ್ತದೆ. ಇಲ್ಲಿ ಬೆರಳು ಸಡಿಲಬಿಟ್ಟವರ ರೆಕ್ಕೆಯೆಲ್ಲ ಕೆಳಗಿಳಿಯುತ್ತದೆ. ಅದೇ ಜಾಗದಲ್ಲಿ ಇನ್ನೂ ಐದಾರು ಬಿಗಿ ಸುತ್ತುಗಳಾಗುವವರೆಗೆ ಹಿಡಿತವನ್ನು ಬಿಡಬೇಡಿ. ನಂತರ ಮುಂದೆ ಚಾಚಿರುವ ಬುಡಗಳ ನಡುವೆ ಒಂದೆರಡು ಸುತ್ತು ಹಾಯಿಸಿ, ಗಂಟು ಬಿಗಿದು, ಬುಡಗಳನ್ನು ಕಣ್ಣಿನ ಮೇಲೆ ಗಿಡ್ಡದಾದ ತಲೆಯಾಗಿ ಉಳಿಯುವಂತೆ ಕತ್ತರಿಸಿ.

ನೂಲಿನ ಬಗ್ಗೆ ನೀವು ಬರೆದಿಲ್ಲ. 70 ಡೆನಿಯರ್ (ನೂಲಿನ ದಪ್ಪದ ಅಳತೆ) ನೂಲು ಈ ಎಳೆತವನ್ನು ತಾಳದೆ ತುಂಡಾಗುವುದುಂಟು, ಆ ಭಯಕ್ಕೇ ಕೈ ಸಡಿಲವಾಗುತ್ತದೆ. 12, 14ರ ಗಾಳಗಳಿಗೆ 140 ಡೆನಿಯರ್ ಬಳಸಿ ನೋಡಿ. ಕೂದಲಿನ ಆಯ್ಕೆಯಲ್ಲೂ ಎಚ್ಚರ ಬೇಕು: ಬುಡದ ಭಾಗದಲ್ಲಿ ಗಾಳಿಗೂಡು ಹೆಚ್ಚು, ತುದಿಯ ಕಡೆ ಕಡಿಮೆ. ನೂಲು ಬುಡದ ಮೇಲೆ ಬಿದ್ದರೆ ರೆಕ್ಕೆ ನೆಟ್ಟಗೆ ಸೆಟೆದು ಅರಳುತ್ತದೆ, ತುದಿಯ ಕಡೆ ಬಿದ್ದರೆ ಮೈಗೆ ಅಂಟಿ ಮಲಗುತ್ತದೆ. ಉದ್ದಗೂದಲಿನ ಚರ್ಮಕ್ಕಿಂತ ಗಿಡ್ಡಗೂದಲಿನ ಚರ್ಮದಿಂದ ಕಟ್ಟಿದ ರೆಕ್ಕೆ ಹೆಚ್ಚು ಅರಳುವುದು ಇದರಿಂದಲೇ.

ಪ್ರಶ್ನೆ: ಮಿಸೌರಿ ನದಿಯಲ್ಲಿ, ಕ್ರೇಗ್ ಊರಿನ ಬಳಿ, ಮೀನುಗಳು ಕಣ್ಣೆದುರೇ ಮೇಲೇಳುತ್ತಿದ್ದವು. ರಾಯಲ್ ವುಲ್ಫ್, ಎಲ್ಕ್ ಹೇರ್ ಎರಡೂ ಚೆನ್ನಾಗಿ ತೇಲಿದವು, ಆದರೆ ಒಂದು ಮೀನೂ ಮುಟ್ಟಲಿಲ್ಲ. ಏಕೆ? ಸಿಡಿಸಿ ಗರಿಯಿಂದ ಕಟ್ಟಿದರೆ ಹೇಗೆ? (ಸಿಯಾಟಲ್‌ನ ಓದುಗರು)

ಉತ್ತರ: ಚೆನ್ನಾಗಿ ತೇಲಿದ್ದೇ ಅಲ್ಲಿ ತೊಡಕಾಯಿತು. ಮ್ಯಾಡಿಸನ್, ಜೆಫರ್‌ಸನ್, ಗ್ಯಾಲಟಿನ್ ನದಿಗಳು ಥ್ರೀ ಫೋರ್ಕ್ಸ್ ಬಳಿ ಕೂಡಿ ಮಿಸೌರಿಯಾಗುತ್ತವೆ. ಅಂದರೆ ಡೆನ್ವರ್‌ನ ಓದುಗರ ಫ್ಲೈಯನ್ನು ಮುಳುಗಿಸಿದ ನೀರೇ ನಿಮ್ಮಲ್ಲಿಗೆ ಹರಿದುಬರುತ್ತದೆ. ಆದರೆ ಹೋಲ್ಟರ್ ಅಣೆಕಟ್ಟೆಯ ಕೆಳಗೆ ಅದರ ಸ್ವಭಾವ ಪೂರ್ತಿ ಬೇರೆ. ಅಗಲವಾಗಿ, ಸಮತಟ್ಟಾಗಿ, ಹೆಚ್ಚು ಏರುಪೇರಿಲ್ಲದೆ ಹರಿಯುವ ಆ ನೀರಿನ ತಳದಲ್ಲಿ ಪಾಚಿ ಮತ್ತು ಜಲಸಸ್ಯಗಳು ದಟ್ಟವಾಗಿ ಬೆಳೆಯುತ್ತವೆ, ಅವುಗಳಲ್ಲಿ ಸಣ್ಣ ಕೀಟಗಳು ಲೆಕ್ಕವಿಲ್ಲದಷ್ಟು. ಹೊಟ್ಟೆ ತುಂಬುವಷ್ಟು ಆಹಾರ ತಾನಾಗಿ ಬಾಯಿಗೆ ಬರುವಾಗ ಮೀನು ತನ್ನ ಜಾಗದಿಂದ ಒಂದು ಗೇಣೂ ಸರಿಯುವುದಿಲ್ಲ, ಬಂದದ್ದನ್ನು ನಿಧಾನವಾಗಿ ನೋಡಿಯೇ ತೆಗೆದುಕೊಳ್ಳುತ್ತದೆ. ಎಳೆಗಳ ತುದಿಯ ಮೇಲೆ ಎತ್ತರದಲ್ಲಿ ನಿಂತ ಫ್ಲೈ ಅಲ್ಲಿ ಅಪರಿಚಿತ ವಸ್ತು.

ಅಲ್ಲಿ ಬೇಕಾದದ್ದು ಮೈ ನೀರಿನ ಪೊರೆಯಲ್ಲೇ ಮಲಗಿ, ರೆಕ್ಕೆ ಮಾತ್ರ ಮೇಲೆ ನಿಲ್ಲುವ ಫ್ಲೈ. ಆಸೇಬಲ್ ನದಿಯ ಫ್ರಾನ್ ಬೆಟರ್ಸ್ ಹ್ಯಾಕಲ್ಲೇ ಇಲ್ಲದ, ಜಿಂಕೆ ಕೂದಲಿನ ರೆಕ್ಕೆಯ ಹೇಸ್ಟ್ಯಾಕ್ ಎಂಬ ಒರಟು ಫ್ಲೈ ಕಟ್ಟುತ್ತಿದ್ದರು. ಅಲ್ ಕಾಚಿ ಮತ್ತು ಬಾಬ್ ನಸ್ಟಾಸಿ ಅದನ್ನು ನಯಗೊಳಿಸಿ ಕಂಪ್ಯಾರಾ-ಡನ್ ಮಾಡಿದರು. ವೆಸ್ಟ್ ಯೆಲ್ಲೊಸ್ಟೋನ್‌ನ ಕ್ರೇಗ್ ಮ್ಯಾಥ್ಯೂಸ್ ಮತ್ತು ಜಾನ್ ಜುರಾಚೆಕ್ ಅದರ ಬಾಲದ ಜಾಗದಲ್ಲಿ ಹೊಳೆಯುವ ಕೃತಕ ಎಳೆಯನ್ನಿಟ್ಟು, ಮೇಫ್ಲೈ ಎಂಬ ಕೀಟ ಇನ್ನೂ ಪೂರ್ತಿ ಕಳಚಿರದ ಪೊರೆಯನ್ನು ಸೂಚಿಸುವ ಸ್ಪಾರ್ಕಲ್ ಡನ್ ರೂಪಿಸಿದರು. ಬಿರುಸಿನ ಆಸೇಬಲ್‌ನಿಂದ ಹೊರಟ ಒಂದು ಕಲ್ಪನೆ ಮೊಂಟಾನಾದ ಅತ್ಯಂತ ಶಾಂತ ನೀರಿಗೆ ಉಪಯೋಗವಾದ ಈ ದಾರಿ ನನಗೆ ಬಹಳ ಪ್ರಿಯವಾದದ್ದು. 16 ಮತ್ತು 18ನೇ ಗಾಳದ ಮೇಲೆ ತಿಳಿಹಳದಿ ಮೈಯ ಸ್ಪಾರ್ಕಲ್ ಡನ್‌ಗಳನ್ನು ಕಟ್ಟಿ. ರೆಕ್ಕೆಯ ಕೂದಲು ಗಾಳದ ಮೇಲುಭಾಗದಲ್ಲಿ ಅರ್ಧವೃತ್ತವಾಗಿ ಹರಡಿ ಎರಡೂ ಬದಿಗೆ ನೀರನ್ನು ಮುಟ್ಟಬೇಕು, ಫ್ಲೈಗೆ ಆಧಾರ ಅದೇ.

ಬೇಸಿಗೆಯ ಕೊನೆಯ ಬೆಳಗುಗಳಲ್ಲಿ ಟ್ರೈಕೊ ಎಂಬ ಅತಿ ಸಣ್ಣ ಮೇಫ್ಲೈಗಳು ಮಿಲನದ ನಂತರ ರೆಕ್ಕೆ ಚಾಚಿ ಸತ್ತು ಬೀಳುತ್ತವೆ. ಅದಕ್ಕೆ 20 ಅಥವಾ 22ನೇ ಗಾಳ, ನೂಲಿನಷ್ಟೇ ತೆಳುವಾದ ಮೈ, ಅಡ್ಡಕ್ಕೆ ಕಟ್ಟಿದ ಬಿಳಿ ಪಾಲಿ ಎಳೆಯ ರೆಕ್ಕೆ ಸಾಕು. ಇಷ್ಟು ಚಿಕ್ಕದನ್ನು ನದಿಯಲ್ಲಿ ಕಾಣುವುದು ಕಷ್ಟ. ಅದಕ್ಕೆ ಒಂದೂವರೆ ಅಡಿ ಮುಂದೆ ಪ್ಯಾರಾಶೂಟ್ ಆ್ಯಡಮ್ಸ್ ಕಟ್ಟಿಕೊಂಡರೆ ನೆಟ್ಟಗೆ ನಿಂತ ಅದರ ರೆಕ್ಕೆಯ ಬಿಳಿ ಕಂಬ ನಿಮಗೆ ಗುರುತಾಗುತ್ತದೆ. ಪ್ಯಾರಾಶೂಟ್‌ನಲ್ಲಿ ಹ್ಯಾಕಲನ್ನು ದಂಡಕ್ಕೆ ಸುತ್ತದೆ ಆ ಕಂಬದ ಬುಡಕ್ಕೆ ಅಡ್ಡಲಾಗಿ ಸುತ್ತುವುದರಿಂದ ಅದೂ ತಗ್ಗಾಗಿಯೇ ಕೂರುತ್ತದೆ. ನದಿಯ ಬಳಿ ಬೇರೇನೂ ಇಲ್ಲದಿದ್ದರೆ, ಇರುವ ಫ್ಲೈಯ ಹ್ಯಾಕಲನ್ನು ಕೆಳಭಾಗದಲ್ಲಿ ಕತ್ತರಿಯಿಂದ ಸಮತಟ್ಟಾಗಿ ಕತ್ತರಿಸಿ.

ಬಾತುಕೋಳಿಯ ಎಣ್ಣೆಗ್ರಂಥಿಯ ಸುತ್ತಲಿನ ಸಿಡಿಸಿ ಗರಿಯ ಬಗ್ಗೆಯೂ ಕೇಳಿದ್ದೀರಿ. ಆ ನೀರಿಗೆ ಅದು ಬಹಳ ಒಳ್ಳೆಯದು. ಆದರೆ ಅದಕ್ಕೆ ಫ್ಲೈ ತೇಲಲೆಂದು ಹಚ್ಚುವ ಜೆಲ್ ಹಚ್ಚಬೇಡಿ. ಗಾಳಿಯನ್ನು ಹಿಡಿದಿಡುವ ಅದರ ನವಿರು ಎಳೆಗಳು ಅಂಟಿಕೊಂಡು ಫ್ಲೈ ಮುಳುಗುತ್ತದೆ. ಮೀನು ಕಚ್ಚಿದ ಮೇಲೆ ಲೋಳೆಯನ್ನು ನೀರಿನಲ್ಲಿ ತೊಳೆದು, ಬಟ್ಟೆಯಲ್ಲಿ ಒತ್ತಿ, ತೇವ ಹೀರುವ ಒಣಪುಡಿಯಲ್ಲಿ ಅಲುಗಾಡಿಸಿದರೆ ಸಾಕು.

ಪ್ರಶ್ನೆ: ಮೊಂಟಾನಾದಲ್ಲಿರುವ ಮಗನಿಗೆ ಫ್ಲೈ ಕಟ್ಟುವ ಹವ್ಯಾಸ. ನಮ್ಮ ಮನೆಯ ನಾಟಿ ಹುಂಜದ ಕತ್ತಿನ ಗರಿ, ತೋಟದಲ್ಲಿ ಬಿದ್ದ ನವಿಲುಗರಿ, ಕಾಡುಕೋಳಿಯ ಗರಿ ಕಳುಹಿಸಬಹುದೇ? (ವಿರಾಜಪೇಟೆಯ ಓದುಗರು)

ಉತ್ತರ: ನಿಮ್ಮ ಪ್ರೀತಿ ಅರ್ಥವಾಗುತ್ತದೆ, ಆದರೆ ಮೂರನ್ನೂ ಕಳುಹಿಸಬೇಡಿ. ಕಾಡುಕೋಳಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿರುವ ಹಕ್ಕಿ. ಅದನ್ನು ಕೊಲ್ಲುವುದೂ ಅದರ ಗರಿಯ ವ್ಯಾಪಾರವೂ ಅಪರಾಧ. ಪಶ್ಚಿಮ ಘಟ್ಟದ ಕಾಡುಕೋಳಿ ಹುಂಜದ ಕತ್ತಿನ ಮೇಲಿರುವ, ಮೇಣದ ಹನಿಯಂಥ ಹೊಳಪಿನ ಚುಕ್ಕಿಯ ಗರಿಗಳಿಗೆ ಬ್ರಿಟನ್ನಿನಲ್ಲಿ ಸಾಲ್ಮನ್ ಮೀನಿಗೆ ಕಟ್ಟುವ ಫ್ಲೈಗಳಲ್ಲಿ ಬಹುಕಾಲ ಬೇಡಿಕೆಯಿತ್ತು, ಮತ್ತು ಆ ಬೇಡಿಕೆ ನಮ್ಮ ಕಾಡಿಗೆ ಒಳ್ಳೆಯದನ್ನು ಮಾಡಲಿಲ್ಲ. ಡ್ರೈ ಫ್ಲೈಗೆ ಆ ಗರಿ ಬೇಕಾಗುವುದು ಬಹಳ ಅಪರೂಪ. ನವಿಲುಗರಿ ತಾನಾಗಿ ಉದುರಿದ್ದಾದರೂ ಅದನ್ನು ದೇಶದಿಂದ ಹೊರಗೆ ಕಳುಹಿಸುವುದಕ್ಕೆ ನಿಷೇಧವಿದೆ. ಹುಂಜದ ಹಸಿಗರಿಗೆ ಪಕ್ಷಿರೋಗಗಳ ಕಾರಣದಿಂದ ಅಮೆರಿಕದ ಗಡಿಯಲ್ಲಿ ನಿರ್ಬಂಧಗಳಿವೆ.

ನಿಮ್ಮ ನಾಟಿ ಹುಂಜದ ಗರಿ ಕೀಳಲ್ಲ ಎಂಬುದನ್ನು ಮಾತ್ರ ಹೇಳಲೇಬೇಕು. ಹ್ಯಾಕಲ್‌ಗೆಂದೇ ತಳಿ ಬೆಳೆಸಿದ ಹುಂಜಗಳು ಬರುವ ಮೊದಲು ಪಶ್ಚಿಮ ದೇಶಗಳ ಕಟ್ಟುಗಾರರು ಭಾರತ ಮತ್ತು ಚೀನಾದಿಂದ ಬರುತ್ತಿದ್ದ ಹುಂಜದ ಕತ್ತಿನ ಚರ್ಮಗಳನ್ನೇ ಅವಲಂಬಿಸಿದ್ದರು. ಅವುಗಳ ಗರಿ ಗಿಡ್ಡವಾದ್ದರಿಂದ ಒಂದು ಫ್ಲೈಗೆ ಎರಡು ಗರಿ ಬೇಕಾಗುತ್ತಿತ್ತು. ಈಗಿನ ತಳಿಗಳ ಬೆನ್ನಗರಿ ಒಂದರಿಂದ ಹಲವು ಫ್ಲೈಗಳನ್ನು ಕಟ್ಟಬಹುದು, ಅಂಥ ಗರಿ ನಿಮ್ಮ ಮಗನಿಗೆ ಅಲ್ಲಿನ ಅಂಗಡಿಯಲ್ಲೇ ಸಿಗುತ್ತದೆ.

ಪ್ರಶ್ನೆ: ಸಾಲ್ಮನ್‌ಫ್ಲೈ ಕಾಲಕ್ಕೆ ಫೋಮ್ ಬಳಸುವುದು ಸರಿಯೇ, ಕೂದಲೇ ಬೇಕೇ? (ಬೋಜ್‌ಮನ್‌ನ ಓದುಗರು)

ಉತ್ತರ: ಫೋಮ್ ಬಳಸಿ, ಸಂಕೋಚ ಬೇಡ. ಸಾಲ್ಮನ್‌ಫ್ಲೈ ಎಂಬ ಸ್ಟೋನ್‌ಫ್ಲೈ ಮೂರು ನಾಲ್ಕು ವರ್ಷ ನದಿಯ ತಳದ ಕಲ್ಲುಗಳ ನಡುವೆ ಬೆಳೆದು, ಜೂನ್ ಜುಲೈ ಹೊತ್ತಿಗೆ ದಡಕ್ಕೆ ತೆವಳಿ ಬಂದು ಪೊರೆ ಕಳಚುತ್ತದೆ. ಎರಡು ಅಂಗುಲದಷ್ಟು ಉದ್ದದ, ಕಿತ್ತಳೆ ಹೊಟ್ಟೆಯ ಈ ಭಾರವಾದ ಕೀಟ ದಡದ ಪೊದೆಗಳಿಂದ ನೀರಿಗೆ ಬೀಳುವುದನ್ನೇ ಮೀನುಗಳು ಕಾದಿರುತ್ತವೆ. 4ರಿಂದ 8ನೇ ಗಾತ್ರದ ಉದ್ದ ದಂಡದ ಗಾಳವನ್ನು ಕೂದಲೊಂದರಿಂದಲೇ ದಿನವಿಡೀ ತೇಲಿಸುವುದು ಕಷ್ಟ. 2 ಮಿಲಿಮೀಟರ್ ದಪ್ಪದ ಫೋಮ್ ಎಂದೂ ನೀರು ಕುಡಿಯುವುದಿಲ್ಲ, ಕೆಳಗೆ ಒಂದು ಭಾರದ ನಿಂಫನ್ನು (ಕೀಟದ ಮರಿಯನ್ನು ಹೋಲುವ, ಮುಳುಗುವ ಫ್ಲೈ) ಕಟ್ಟಿದರೂ ತಾಳುತ್ತದೆ. ಆದರೆ ಫೋಮ್ ದಂಡದ ಸುತ್ತ ತಿರುಗದಂತೆ ಮೊದಲು ನೂಲಿನ ಒರಟು ಪದರ ಹಾಕಿ, ಅಂಟು ಸವರಿ, ಆಮೇಲೆ ಕಟ್ಟಿ. ಬಹಳ ಬಿಗಿದರೆ ನೂಲು ಫೋಮನ್ನು ಕತ್ತರಿಸುತ್ತದೆ. ಆ ಕಾಲದ ಕೊನೆಯ ದಿನಗಳಲ್ಲಿ, ದೋಣಿಗಳಿಂದ ಬಿದ್ದ ನೂರಾರು ಫೋಮ್ ಫ್ಲೈಗಳನ್ನು ಮೀನು ನೋಡಿಯಾದ ಮೇಲೆ, ತಗ್ಗಾಗಿ ಕೂರುವ ಕೂದಲಿನ ಫ್ಲೈ ಹೆಚ್ಚು ಕೆಲಸಕ್ಕೆ ಬರುತ್ತದೆ, ಎರಡನ್ನೂ ಪೆಟ್ಟಿಗೆಯಲ್ಲಿಡಿ.

ಪ್ರಶ್ನೆ: ಕುಲ್ಲುವಿಗೆ ಹೋಗುವವರಿದ್ದೇವೆ. ಇದೇ ಫ್ಲೈಗಳು ಬಿಯಾಸ್ ನದಿಯಲ್ಲಿ ನಡೆಯುತ್ತವೆಯೇ? (ಬೆಂಗಳೂರಿನ ಓದುಗರು)

ಉತ್ತರ: ನಡೆಯುತ್ತವೆ. ಕುಲ್ಲು ಕಣಿವೆಗೆ ಬ್ರೌನ್ ಟ್ರೌಟ್ 1909ರ ಸುಮಾರಿಗೆ ಬಂತು. ಮೇಫ್ಲೈ, ಕ್ಯಾಡಿಸ್, ಸ್ಟೋನ್‌ಫ್ಲೈಗಳು ಹಿಮಾಲಯದ ನದಿಗಳಲ್ಲೂ ಇವೆ. ಹಿಮ ಕರಗಿ ಬಿಯಾಸ್ ಕಲಕಿರುವ ತಿಂಗಳುಗಳಲ್ಲಿ ಡ್ರೈ ಫ್ಲೈಯಿಂದ ಪ್ರಯೋಜನವಿಲ್ಲ. ಆಗ ಲಾರ್ಜಿಯ ಬಳಿ ಅದನ್ನು ಸೇರುವ ತೀರ್ಥನ್ ನದಿಯ ಮೇಲುಭಾಗವನ್ನು ನೋಡಿ. 14ನೇ ಗಾತ್ರದ ಕಪ್ಪುಗಂದು ಎಲ್ಕ್ ಹೇರ್ ಮತ್ತು ಪ್ಯಾರಾಶೂಟ್ ಆ್ಯಡಮ್ಸ್ ಜೊತೆಗಿರಲಿ. ನವೆಂಬರ್‌ನಿಂದ ಫೆಬ್ರವರಿಯವರೆಗೆ ಅಲ್ಲಿ ಟ್ರೌಟ್ ಹಿಡಿಯುವಂತಿಲ್ಲ, ಉಳಿದ ಸಮಯಕ್ಕೆ ಮೀನುಗಾರಿಕೆ ಇಲಾಖೆಯ ಪರವಾನಗಿ ಬೇಕು.

ಪ್ರಶ್ನೆ: ವುಲ್ಫ್ ಫ್ಲೈಗಳನ್ನು ಹತ್ತಾರು ಸಲ ಎಸೆದ ಮೇಲೆ ಟಿಪೆಟ್ (ಫ್ಲೈ ಕಟ್ಟುವ ತೆಳುವಾದ ತುದಿದಾರ) ಸುರುಳಿ ಸುತ್ತಿಕೊಂಡು ಗೋಜಲಾಗುತ್ತದೆ. ಏಕೆ? (ಸ್ಯಾಕ್ರಮೆಂಟೊದ ಓದುಗರು)

ಉತ್ತರ: ಫ್ಲೈ ಗಾಳಿಯಲ್ಲಿ ಗಿರಕಿ ಹೊಡೆಯುತ್ತಿದೆ. ಎರಡು ರೆಕ್ಕೆಗಳ ಉದ್ದ ಅಥವಾ ದಪ್ಪ ಸಮನಾಗಿಲ್ಲದಿದ್ದರೆ, ಅಥವಾ ಒಂದು ರೆಕ್ಕೆ ಬದಿಗೆ ವಾಲಿದ್ದರೆ ಹೀಗಾಗುತ್ತದೆ. ಕೂದಲನ್ನು ಎರಡು ಪಾಲು ಮಾಡಿ, ನಡುವೆ ನೂಲನ್ನು ಎಂಟರ ಆಕಾರದಲ್ಲಿ ಹಾಯಿಸಿದ ಬಳಿಕ ಪ್ರತಿ ರೆಕ್ಕೆಯ ಬುಡಕ್ಕೂ ನಾಲ್ಕೈದು ಸುತ್ತು ಕಂಬದಂತೆ ಸುತ್ತಿ, ವೈಸ್‌ನ ಎದುರಿನಿಂದ, ಗಾಳದ ಕಣ್ಣಿನ ಕಡೆಯಿಂದ ನೋಡಿ ಸರಿಪಡಿಸಿ; ಬದಿಯಿಂದ ನೋಡಿದರೆ ಈ ದೋಷ ಕಾಣುವುದಿಲ್ಲ. ಟಿಪೆಟ್ ತೀರ ತೆಳುವಾಗಿದ್ದರೂ ಇದೇ ಆಗುತ್ತದೆ: 12ನೇ ಗಾತ್ರದ ವುಲ್ಫ್‌ಗೆ 4ಎಕ್ಸ್‌ಗಿಂತ (ಟಿಪೆಟ್‌ನ ದಪ್ಪದ ಗುರುತು) ತೆಳುವಾದದ್ದನ್ನು ಕಟ್ಟಬೇಡಿ.